ನೆತ್ತಿಗೆ ಹತ್ತಿದ ಬೀಜ

(ದತ್ತಿ ಉಪನ್ಯಾಸದ ಮುದ್ರಿತ ಪಠ್ಯ)



ತಿನ್ನುತ್ತಿದ್ದ ಮಗು ಇದ್ದಕ್ಕಿದ್ದಂತೆ ಕೆಮ್ಮಲು ಶುರುಮಾಡಿದರೆ ನಾವು ಅದರ ನೆತ್ತಿ ತಟ್ಟುತ್ತೇವೆ. 'ನೆತ್ತಿಗೆ ಹತ್ತಿತು' ಅನ್ನುತ್ತೇವೆ. ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದು ಮನೆಯ ಹಿರಿಯರು ದೂರದೂರಿನ ಅತ್ತೆಯದೋ ಸೋದರಮಾವನದೋ ಹೆಸರು ಹೇಳುತ್ತಾರೆ. ಒಂದು ಗುಟುಕು ನೀರು ಕುಡಿಸುತ್ತೇವೆ. ಕೆಮ್ಮು ನಿಲ್ಲುತ್ತದೆ, ಮಗು ಎದ್ದು ಆಟಕ್ಕೆ ಓಡುತ್ತದೆ. ಬಹಳ ಸಲ ಕಥೆ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದಾಗ ಆ ಮಗು ನನ್ನ ಆಪರೇಷನ್ ಟೇಬಲ್ಲಿನ ಮೇಲೆ ಬಂದು ಮಲಗುತ್ತದೆ.

ನಾನು ಅರಿವಳಿಕೆ ವೈದ್ಯೆ. ಮಗುವಿನ ಉಸಿರುದಾರಿಗೆ ಬ್ರಾಂಕೋಸ್ಕೋಪು ಇಳಿಸುವವರು ಬೇರೆಯವರು. ಅವರು ಒಳಗೆ ನೋಡುತ್ತಿರುವಷ್ಟು ಹೊತ್ತೂ ಮಗುವಿನ ಉಸಿರು ನನ್ನ ಜವಾಬ್ದಾರಿ. ಈ ಕೆಲಸಕ್ಕೆ ಕನ್ನಡದ ವೈದ್ಯಕೀಯ ಪುಸ್ತಕಗಳು 'ಶ್ವಾಸನಾಳ ದರ್ಶನ' ಎಂಬ ಹೆಸರು ಕೊಡುತ್ತವೆ. ನಮ್ಮ ವಾರ್ಡಿನ ತಾಯಂದಿರು 'ದುರ್ಬೀನು ಹಾಕೋದು' ಅನ್ನುತ್ತಾರೆ, ಈಚಿನವರು 'ಕ್ಯಾಮೆರಾ ಬಿಡೋದು' ಅನ್ನುತ್ತಾರೆ. ಹೆಸರು ಏನೇ ಇರಲಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಎಲ್ಲರೂ ಕೇಳುವುದು ಒಂದೇ: 'ಡಾಕ್ಟ್ರೇ, ಇದು ಅಪಾಯಾನಾ?' ನಾನು ಕೆಲಸ ಕಲಿಯುವಾಗ ಈ ಪ್ರಶ್ನೆಗೆ 'ಏನಾಗಲ್ಲ, ಹೆದರಬೇಡಿ' ಎಂದುಬಿಡುವುದು ರೂಢಿಯಲ್ಲಿತ್ತು. ಅದು ಅರ್ಧ ಸುಳ್ಳು. ಇವತ್ತು ಅದೇ ಪ್ರಶ್ನೆಗೆ ಪೂರ್ತಿ ಉತ್ತರ ಹೇಳಲು ಬಂದಿದ್ದೇನೆ.

ಮೊದಲು ಮಗುವಿನ ಉಸಿರುದಾರಿ ಎಷ್ಟು ಸಣ್ಣದು ಎಂಬುದು ಕಣ್ಣ ಮುಂದೆ ಬರಬೇಕು. ಎಳೆಗೂಸಿನ ಶ್ವಾಸನಾಳದ ಒಳ ಅಳತೆ 4 ಮಿಲಿಮೀಟರಿನ ಆಸುಪಾಸು. ಅದರ ಒಳಗೋಡೆ ಸುತ್ತಲೂ 1 ಮಿಲಿಮೀಟರು ಊದಿಕೊಂಡಿತು ಅನ್ನಿ. ಉಳಿಯುವುದು 2 ಮಿಲಿಮೀಟರು. ಗಾಳಿ ಹೋಗುವ ಜಾಗ ಕಾಲು ಭಾಗಕ್ಕೆ ಇಳಿಯುತ್ತದೆ, ಉಸಿರೆಳೆಯುವ ಕಷ್ಟ 16 ಪಟ್ಟು ಏರುತ್ತದೆ. ದೊಡ್ಡವರ 8 ಮಿಲಿಮೀಟರಿನ ದಾರಿಯಲ್ಲಿ ಅಷ್ಟೇ ಊತ ಬಂದರೆ ಕಷ್ಟ ಸುಮಾರು 3 ಪಟ್ಟು ಆಗುತ್ತದೆ. ಅದೇ ಊತ ನಮಗೆ ಗಂಟಲು ಕಟ್ಟಿದಂತೆ, ಕೂಸಿಗೆ ಜೀವ ಹಿಡಿದಂತೆ. ಕೊಳವೆ ಗೋಡೆಗೆ ಒರೆಸಿಕೊಂಡು ಹೋದರೂ ಊತ ಬರುತ್ತದೆ. ಹಾಗಾಗಿ ಯಾವ ಮಗುವಿಗೆ ಯಾವ ಅಳತೆಯ ಕೊಳವೆ ಎಂಬುದನ್ನು ಮೊದಲೇ ಲೆಕ್ಕ ಹಾಕಿ, ಅದಕ್ಕಿಂತ ಸಣ್ಣದೊಂದನ್ನೂ ಪಕ್ಕದಲ್ಲಿ ತೆಗೆದಿಟ್ಟುಕೊಳ್ಳುತ್ತೇವೆ.

ಎರಡನೆಯ ಮಾತು ಆಮ್ಲಜನಕದ ಗಂಟಿನದು. ಆರೋಗ್ಯವಾಗಿರುವ ದೊಡ್ಡವರಿಗೆ ಚೆನ್ನಾಗಿ ಆಮ್ಲಜನಕ ಕೊಟ್ಟು ಉಸಿರು ನಿಲ್ಲಿಸಿದರೆ, ರಕ್ತದಲ್ಲಿ ಅದರ ಮಟ್ಟ ಶೇಕಡಾ 90ಕ್ಕೆ ಇಳಿಯಲು ಸುಮಾರು 8 ನಿಮಿಷ ಹಿಡಿಯುತ್ತದೆ. 6 ತಿಂಗಳೊಳಗಿನ ಕೂಸಿಗೆ ಒಂದೂವರೆ ನಿಮಿಷ ಸಾಕು. ಕೂಸಿನ ಎದೆಯಲ್ಲಿ ಕೂಡಿಟ್ಟ ಗಾಳಿ ಕಡಿಮೆ. ತೂಕಕ್ಕೆ ಹೋಲಿಸಿದರೆ ಅದರ ಖರ್ಚು ನಮ್ಮ ಎರಡರಷ್ಟು. ಇದು ಶ್ವಾಸಕೋಶ ಸರಿಯಾಗಿರುವ ಮಕ್ಕಳ ಲೆಕ್ಕ. ಒಂದು ಕಡೆ ಕಡಲೆಬೀಜ ಸಿಕ್ಕಿ, ಅದರ ಹಿಂದೆ ಕೀವು ಕಟ್ಟಿರುವ ಮಗುವಿಗೆ ಅಷ್ಟೂ ಸಮಯ ಇರುವುದಿಲ್ಲ.

ಬ್ರಾಂಕೋಸ್ಕೋಪಿಯಲ್ಲಿ ಎರಡು ಬಗೆ. ಬಾಗುವ ಕೊಳವೆಯದು ಒಂದು. ಜಪಾನಿನ ಶಿಗೆತೊ ಇಕೆಡಾ 1960ರ ದಶಕದಲ್ಲಿ ಗಾಜಿನ ಎಳೆಗಳ ಮೂಲಕ ಬೆಳಕು ಹಾಯಿಸಿ ಅದನ್ನು ರೂಪಿಸಿದರು. ಮಕ್ಕಳಿಗೆ ಬಳಸುವ ಕೊಳವೆಗಳ ದಪ್ಪ 2.2 ಮಿಲಿಮೀಟರಿನಿಂದ 3.6 ಮಿಲಿಮೀಟರಿನವರೆಗೆ ಇರುತ್ತದೆ. ತೀರ ಸಪೂರವಾದದ್ದರಲ್ಲಿ ಕಫ ಎಳೆಯುವ ದಾರಿಯೇ ಇಲ್ಲ, ನೋಡಲು ಮಾತ್ರ ಆಗುತ್ತದೆ. ಹುಟ್ಟಿದಾಗಿನಿಂದ ಉಸಿರಾಡುವಾಗ ಕರ್ಕಶ ಸದ್ದು ಬರುವ ಕೂಸಿಗೆ, ವಾಸಿಯಾಗದ ಕೆಮ್ಮಿಗೆ, ಮತ್ತೆ ಮತ್ತೆ ಅದೇ ಜಾಗದಲ್ಲಿ ಬರುವ ನ್ಯುಮೋನಿಯಾಕ್ಕೆ, ಕ್ಷಯದ ಗಂಟು ಶ್ವಾಸನಾಳವನ್ನು ಒತ್ತುತ್ತಿದೆಯೇ ಎಂದು ನೋಡುವುದಕ್ಕೆ ಇದು ಬೇಕು. ಇನ್ನೊಂದು ಲೋಹದ ನೆಟ್ಟನೆಯ ಕೊಳವೆ. ಸಿಕ್ಕಿಕೊಂಡ ವಸ್ತುವನ್ನು ಹೊರತೆಗೆಯಲು ಹೆಚ್ಚಾಗಿ ಅದೇ ಬೇಕಾಗುತ್ತದೆ, ಏಕೆಂದರೆ ಅದರ ಒಳಗಿಂದಲೇ ಮಗುವಿಗೆ ಗಾಳಿ ಕೊಡಬಹುದು, ಇಕ್ಕಳವನ್ನೂ ಇಳಿಸಬಹುದು.

ನೆಟ್ಟನೆಯ ಕೊಳವೆಯ ಚರಿತ್ರೆ ಹಳೆಯದು. 1897ರಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ಗುಸ್ತಾವ್ ಕಿಲಿಯನ್ ಎಂಬ ವೈದ್ಯರು ಒಬ್ಬ ರೈತನ ಬಲಗಡೆಯ ಶ್ವಾಸನಾಳದಿಂದ ಹಂದಿಯ ಮೂಳೆಯ ಚೂರನ್ನು ಹೀಗೆ ತೆಗೆದರು. ಅನ್ನನಾಳ ನೋಡುವ ಕೊಳವೆಯನ್ನೇ ಅದಕ್ಕೆ ಬಳಸಿಕೊಂಡರು. ಆಮೇಲೆ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಷೆವಾಲಿಯರ್ ಜಾಕ್ಸನ್ ಈ ವಿದ್ಯೆಗೆ ತಮ್ಮ ಇಡೀ ಬದುಕನ್ನೇ ಕೊಟ್ಟರು. ಜನರ ಗಂಟಲು, ಅನ್ನನಾಳ, ಶ್ವಾಸನಾಳಗಳಿಂದ ತೆಗೆದ 2,374 ವಸ್ತುಗಳ ಅವರ ಸಂಗ್ರಹ ಅಲ್ಲಿನ ಮ್ಯೂಟರ್ ವಸ್ತುಸಂಗ್ರಹಾಲಯದಲ್ಲಿದೆ: ಗುಂಡಿ, ಪಿನ್ನು, ಮೊಳೆ, ಮೂಳೆ, ಆಟಿಕೆಯ ಚೂರು. ಜಾಕ್ಸನ್ ಬಗ್ಗೆ ನನಗೆ ಹೆಚ್ಚು ಗೌರವ ಹುಟ್ಟಿಸಿದ ಸಂಗತಿ ಬೇರೆ. ಮನೆಯಲ್ಲಿಟ್ಟ ಕ್ಷಾರವನ್ನು ಮಕ್ಕಳು ಕುಡಿದು ಅನ್ನನಾಳ ಸುಟ್ಟುಕೊಳ್ಳುವುದನ್ನು ನೋಡಿ ನೋಡಿ, ಡಬ್ಬಿಯ ಮೇಲೆ ವಿಷದ ಎಚ್ಚರಿಕೆ ಇರಲೇಬೇಕೆಂದು ಅವರು ವರ್ಷಗಟ್ಟಲೆ ಹೋರಾಡಿದರು. 1927ರಲ್ಲಿ ಅಲ್ಲಿನ ಸಂಸತ್ತು ಆ ಕಾನೂನನ್ನು ಮಾಡಿತು. ಕೊಳವೆ ಹಿಡಿದ ಕೈಯೇ ಅರ್ಜಿಯನ್ನೂ ಬರೆಯಿತು. ನಾನು ಇವತ್ತು ಈ ಸಭೆಗೆ ಬಂದದ್ದರ ಹಿಂದೆ ಆ ನೆನಪಿದೆ.

ಈಗ 'ಅಪಾಯಾನಾ?' ಎಂಬ ಪ್ರಶ್ನೆಗೆ ಬರೋಣ. ಬಾಗುವ ಕೊಳವೆಯ ಪರೀಕ್ಷೆಯ ಬಗ್ಗೆ ನಮ್ಮಲ್ಲಿ ಇರುವ ಒಳ್ಳೆಯ ಲೆಕ್ಕಗಳಲ್ಲಿ ಒಂದು ಫ್ರಾನ್ಸಿನ ವೈದ್ಯರದು, 2002ರಲ್ಲಿ ಪ್ರಕಟವಾಯಿತು. ತೀವ್ರ ನಿಗಾ ಘಟಕದ ಮಕ್ಕಳನ್ನು ಬಿಟ್ಟು 1,328 ಪರೀಕ್ಷೆಗಳನ್ನು ಅವರು ಒಂದೊಂದಾಗಿ ಗಮನಿಸುತ್ತ ಹೋದರು. ಶೇಕಡಾ 6.9ರಲ್ಲಿ ಏನಾದರೊಂದು ತೊಂದರೆ ಆಯಿತು. ಅದರಲ್ಲಿ ಬಹುಪಾಲು ಸಣ್ಣದು: ಸ್ವಲ್ಪ ಹೊತ್ತು ಆಮ್ಲಜನಕ ಇಳಿದದ್ದು, ಜೋರು ಕೆಮ್ಮು, ಮೂಗಿನಿಂದ ರಕ್ತ. ದೊಡ್ಡದೆನ್ನಬಹುದಾದ ತೊಂದರೆ ಶೇಕಡಾ 1.7ರಲ್ಲಿ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಮತ್ತು ಧ್ವನಿಪೆಟ್ಟಿಗೆ, ಶ್ವಾಸನಾಳಗಳಲ್ಲಿ ಮೊದಲೇ ದೋಷವಿದ್ದ ಮಕ್ಕಳಲ್ಲಿ ಆಮ್ಲಜನಕ ಇಳಿಯುವುದು ಹೆಚ್ಚು ಕಂಡಿತು. ಅಂದರೆ ಯಾವ ಮಗುವಿಗೆ ಈ ಪರೀಕ್ಷೆ ಹೆಚ್ಚು ಬೇಕಾಗುತ್ತದೋ ಅದೇ ಮಗುವಿಗೆ ಅಪಾಯವೂ ಹೆಚ್ಚು. ಇದನ್ನು ತಂದೆತಾಯಿಗೆ ಮುಚ್ಚಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಶ್ವಾಸಕೋಶಕ್ಕೆ ಉಪ್ಪುನೀರು ಬಿಟ್ಟು ತೊಳೆದು ಮಾದರಿ ತೆಗೆದ ಮಗುವಿಗೆ ಆ ಸಂಜೆ ಜ್ವರ ಬರಬಹುದು. ಹೆಚ್ಚಾಗಿ ತಾನಾಗಿ ಇಳಿಯುತ್ತದೆ, ಮನೆಗೆ ಕಳಿಸುವ ಮುಂಚೆ ಹೇಳಿ ಕಳಿಸಿದರೆ ಯಾರೂ ಗಾಬರಿಯಾಗುವುದಿಲ್ಲ. ಗಂಟಲು ಮರಗಟ್ಟಿಸಲು ಹಾಕುವ ಲಿಗ್ನೋಕೇನನ್ನು ಮಗುವಿನ ತೂಕಕ್ಕೆ ಅಳೆದು ಹಾಕಬೇಕು, ಮಿತಿ ಮೀರಿದರೆ ಫಿಟ್ಸ್ ಬರಬಹುದು, ಹೃದಯದ ಬಡಿತ ತಪ್ಪಬಹುದು. ಕೊಳವೆಯನ್ನು ಒಂದು ಮಗುವಿನಿಂದ ಇನ್ನೊಂದಕ್ಕೆ ಒಯ್ಯುವ ಮುನ್ನ ಅದರ ಒಳದಾರಿಯನ್ನು ಬ್ರಷ್ ಹಾಕಿ ಉಜ್ಜಿ, ಔಷಧಿಯಲ್ಲಿ ನೆನೆಸಿ, ಒಣಗಿಸಬೇಕು. ಒಣಗಿಸುವುದನ್ನು ಅವಸರದಲ್ಲಿ ಬಿಟ್ಟರೆ ಒಳಗಿನ ತೇವದಲ್ಲಿ ಕ್ರಿಮಿಗಳು ಮನೆಮಾಡುತ್ತವೆ. ಕ್ಷಯವಿಲ್ಲದ ಮಗುವಿನ ಮಾದರಿಯಲ್ಲಿ ಹಿಂದಿನವರ ಕ್ಷಯದ ಕ್ರಿಮಿ ಕಾಣಿಸಿಕೊಂಡರೆ ಆ ಮಗು ಬೇಡದ ಔಷಧಿಯನ್ನು ತಿಂಗಳುಗಟ್ಟಲೆ ನುಂಗಬೇಕಾಗುತ್ತದೆ. ಕೊಳವೆ ತೊಳೆಯುವ ನಮ್ಮ ಸಿಬ್ಬಂದಿಯ ಹೆಸರು ಯಾವ ವರದಿಯಲ್ಲೂ ಬರುವುದಿಲ್ಲ. ಮಗುವಿನ ಸುರಕ್ಷತೆಯಲ್ಲಿ ಅವರ ಪಾಲು ನನ್ನಷ್ಟೇ ದೊಡ್ಡದು.

ಕಡಲೆಬೀಜದ ವಿಷಯ ಇಷ್ಟು ಸರಳವಲ್ಲ. ನನ್ನ ಮಾತಿನ ಬಹುಪಾಲು ಅದಕ್ಕೇ ಮೀಸಲು.

ನಮ್ಮ ಸೀಮೆ ಶೇಂಗಾ ಬೆಳೆಯುವ ಸೀಮೆ. ಚಳ್ಳಕೆರೆ, ಪಾವಗಡದ ಕಡೆ ಬೀಜ ಸುಲಿಯುವ ಕಾಲದಲ್ಲಿ ಮನೆಯ ನಡುಮನೆಯೆಲ್ಲ ಬೀಜವೇ. ಕಾರ್ತಿಕದಲ್ಲಿ ಬಸವನಗುಡಿಯ ಕಡಲೆಕಾಯಿ ಪರಿಷೆ. ಅದು ಮುಗಿದು ಸ್ವಲ್ಪ ದಿನಕ್ಕೆ ಸಂಕ್ರಾಂತಿ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಹುರಿದ ಕಡಲೆಬೀಜದ ಬೇಳೆ, ಎಲ್ಲ ಬೆರೆಸಿ ಮನೆಮನೆಗೆ ಹಂಚುತ್ತೇವೆ. ಎಳ್ಳು ಬೀರುವ ಹೆಣ್ಣುಮಗು ತಟ್ಟೆ ಹಿಡಿದು ಬಂದಾಗ ಮನೆಯ ಪುಟ್ಟ ಮಗು ಎರಡೂ ಕೈಯಲ್ಲಿ ತುಂಬಿಕೊಂಡು ಬಾಯಿಗೆ ಹಾಕಿಕೊಳ್ಳುತ್ತದೆ. ಒಂದರಿಂದ ಮೂರು ವರ್ಷದ ಮಗುವಿಗೆ ಮುಂದಿನ ಹಲ್ಲು ಇರುತ್ತದೆ, ಕಚ್ಚಿ ಎರಡು ಹೋಳು ಮಾಡುತ್ತದೆ. ಅರೆಯುವ ದವಡೆಹಲ್ಲು ಇನ್ನೂ ಪೂರ್ತಿ ಬಂದಿರುವುದಿಲ್ಲ. ಬಾಯಲ್ಲಿ ಹೋಳು ಇರುವಾಗಲೇ ನಗುತ್ತದೆ, ಅಳುತ್ತದೆ, ಓಡುತ್ತದೆ. ಒಂದು ಉಸಿರು ಜೋರಾಗಿ ಒಳಗೆಳೆದರೆ ಆ ಹೋಳು ಧ್ವನಿಪೆಟ್ಟಿಗೆ ದಾಟಿ ಇಳಿದುಬಿಡುತ್ತದೆ. ನಾವು ನೆತ್ತಿಗೆ ಹತ್ತಿತು ಅನ್ನುತ್ತೇವೆ; ಅದು ಎದೆಗೆ ಇಳಿದಿರುತ್ತದೆ.

ಅಲ್ಲಿಂದ ಮುಂದಿನದು ಮೋಸದ ಕಾಲ. ಹೋಳು ಒಂದು ಕವಲಿನಲ್ಲಿ ಕೂತ ಮೇಲೆ ಕೆಮ್ಮು ನಿಲ್ಲುತ್ತದೆ, ಮಗು ಆಡುತ್ತದೆ, ಮನೆಯವರು ಮರೆಯುತ್ತಾರೆ. ಬೀಜ ತೇವ ಹೀರಿ ಉಬ್ಬುತ್ತದೆ. ಅದರ ಎಣ್ಣೆ ಸುತ್ತಲಿನ ಗೋಡೆಯನ್ನು ಕೆರಳಿಸುತ್ತದೆ, ಮಾಂಸ ಕೆಂಪಾಗಿ ಬೆಳೆದು ಬೀಜವನ್ನು ಮುಚ್ಚಲು ಹವಣಿಸುತ್ತದೆ. ಕೆಲವು ದಿನಕ್ಕೆ ಕೆಮ್ಮು, ಎದೆಯಲ್ಲಿ ಸುಯ್ ಸುಯ್ ಸದ್ದು, ಜ್ವರ. ಎಕ್ಸ್‌ರೇ ತೆಗೆದರೆ ಬೀಜ ಕಾಣುವುದಿಲ್ಲ, ಏಕೆಂದರೆ ಅದು ಲೋಹವಲ್ಲ. ಕಂಡರೆ ಅದರ ನೆರಳು ಮಾತ್ರ: ಗಾಳಿ ಒಳಗೆ ಹೋಗಿ ಹೊರಬರಲಾಗದೆ ಒಂದು ಕಡೆಯ ಶ್ವಾಸಕೋಶ ಉಬ್ಬಿರುತ್ತದೆ, ಇಲ್ಲವೇ ಕುಸಿದಿರುತ್ತದೆ. ಎಷ್ಟೋ ಸಲ ಎಕ್ಸ್‌ರೇ ಪೂರ್ತಿ ಸರಿಯಾಗಿಯೇ ಇರುತ್ತದೆ. ಆದ್ದರಿಂದ ಈ ರೋಗಕ್ಕೆ ಅತಿ ಒಳ್ಳೆಯ ಪರೀಕ್ಷೆ ಒಂದು ಪ್ರಶ್ನೆ: 'ಮಗು ಯಾವತ್ತಾದರೂ ತಿನ್ನುವಾಗ ಇದ್ದಕ್ಕಿದ್ದಂತೆ ಕೆಮ್ಮಿ, ಮುಖ ಕಪ್ಪಿಟ್ಟಿತ್ತೇ?'

ಎರಡು ವರ್ಷದ ಒಬ್ಬ ಹುಡುಗ ನಮ್ಮಲ್ಲಿಗೆ ಬಂದಾಗ ಮೂರು ವಾರ ನೆಬ್ಯುಲೈಸರ್ ಹಿಡಿಸಿಕೊಂಡಿದ್ದ. ಚೀಟಿಗಳ ಕಟ್ಟೇ ಇತ್ತು, ಎಲ್ಲದರಲ್ಲೂ ಆಸ್ತಮಾ. ಬಲ ಎದೆಗೆ ಸ್ಟೆತಸ್ಕೋಪು ಇಟ್ಟರೆ ಗಾಳಿಯ ಸದ್ದು ಎಡದ ಅರ್ಧದಷ್ಟೂ ಇರಲಿಲ್ಲ. ನಾನು ಆ ಪ್ರಶ್ನೆ ಕೇಳಿದೆ. ತಾಯಿ ಇಲ್ಲ ಎಂದರು. ಮೂಲೆಯಲ್ಲಿ ನಿಂತಿದ್ದ ಅಜ್ಜಿ ಸೆರಗಿನಿಂದ ಬಾಯಿ ಒತ್ತಿಕೊಂಡು ಅಳತೊಡಗಿದರು. ಬೀಜ ಸುಲಿಯುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದವರು ಅವರೇ. ಬೈತಾರೆ ಎಂಬ ಹೆದರಿಕೆಯಿಂದ ಸೊಸೆಗೆ ಹೇಳಿರಲಿಲ್ಲ. ಅಜ್ಜಿಯ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ, ಈಗಲೂ ಇಲ್ಲ. ಮೂರು ವಾರದಲ್ಲಿ ಯಾರೊಬ್ಬರೂ ಆ ಅಜ್ಜಿಯನ್ನು ಕೂರಿಸಿ, ಗದರದೆ ಕೇಳಿರಲಿಲ್ಲ ಎಂಬ ಸಂಕಟ ಮಾತ್ರ ಉಳಿದಿದೆ.

ಆ ಹುಡುಗನ ದಿನ ಏನಾಯಿತು ಎಂಬುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿದ ಮೇಲೆ ಒಳಗೆ ಏನು ನಡೆಯುತ್ತದೆಂದು ಹೊರಗೆ ಕೂತವರಿಗೆ ಯಾರೂ ಹೇಳುವುದಿಲ್ಲ. ಬೇರೆ ಶಸ್ತ್ರಚಿಕಿತ್ಸೆಗಳಲ್ಲಿ ಉಸಿರುದಾರಿ ನನ್ನ ಕೈಯಲ್ಲೇ ಇರುತ್ತದೆ. ಇಲ್ಲಿ ಅದೇ ದಾರಿಯಲ್ಲಿ ನಾನೂ ಸರ್ಜನ್ನೂ ಇಬ್ಬರೂ ಇರಬೇಕು. ಅವರು ನೋಡುವ ಕಡ್ಡಿಯನ್ನು ಕೊಳವೆಯೊಳಗೆ ಇಳಿಸಿದರೆ ಸುತ್ತ ಉಳಿಯುವ ಸಂದಿನಲ್ಲೇ ನನ್ನ ಗಾಳಿ ಹೋಗಿಬರಬೇಕು. ಕೊಳವೆ ತೀರ ಸಣ್ಣದಾದರೆ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರಲು ಒದ್ದಾಡುತ್ತದೆ. ಹಾಗಾಗಿ ಆಗಾಗ 'ಸರ್, ನಿಲ್ಲಿಸಿ' ಅನ್ನುತ್ತೇನೆ. ಅವರು ಕಡ್ಡಿ ಹೊರಗೆಳೆದು ಕಾಯುತ್ತಾರೆ. ನನ್ನ ಕಣ್ಣು ಮಗುವಿನ ಎದೆಯ ಮೇಲೆ, ಕಿವಿ ಪಲ್ಸ್ ಆಕ್ಸಿಮೀಟರಿನ ಸದ್ದಿನ ಮೇಲೆ. ಜಪಾನಿನ ತಾಕುವೊ ಅಯೋಯಾಗಿ 1970ರ ದಶಕದಲ್ಲಿ ಕಂಡುಹಿಡಿದ ತತ್ವದ ಮೇಲೆ ಅದು ನಡೆಯುತ್ತದೆ. ಆಮ್ಲಜನಕ ಇಳಿದಂತೆ ಅದರ ಟಿಕ್ ಸದ್ದಿನ ಸ್ವರ ತಗ್ಗುತ್ತ ಹೋಗುತ್ತದೆ. ಪರದೆ ನೋಡದೆಯೇ ಥಿಯೇಟರಿನ ಎಲ್ಲರಿಗೂ ಅದು ತಿಳಿಯುತ್ತದೆ, ಮಾತು ತಾನಾಗಿ ನಿಂತುಹೋಗುತ್ತದೆ.

ಇಕ್ಕಳಕ್ಕೆ ಬೀಜ ಸಿಕ್ಕಿತು. ಅದು ಕೊಳವೆಯೊಳಗೆ ಬರಲಾಗದಷ್ಟು ಉಬ್ಬಿತ್ತು, ಹಾಗಾಗಿ ಕೊಳವೆ, ಇಕ್ಕಳ, ಬೀಜ ಮೂರನ್ನೂ ಒಟ್ಟಿಗೆ ಮೇಲಕ್ಕೆ ತರಬೇಕಾಯಿತು. ಧ್ವನಿಪೆಟ್ಟಿಗೆಯ ಕೆಳಗೆ, ಎಲ್ಲಕ್ಕಿಂತ ಕಿರಿದಾದ ಜಾಗದಲ್ಲಿ ಬೀಜ ಇಕ್ಕಳದಿಂದ ಜಾರಿತು. ಅಷ್ಟು ಹೊತ್ತು ಒಂದೇ ಶ್ವಾಸಕೋಶಕ್ಕೆ ಅಡ್ಡವಾಗಿದ್ದ ಬೀಜ ಈಗ ಎರಡಕ್ಕೂ ಅಡ್ಡ. ಸ್ವರ ಇಳಿಯತೊಡಗಿತು. ಇಂಥ ಗಳಿಗೆಯಲ್ಲಿ ಕೈ ತಾನಾಗಿ ಹೊರಕ್ಕೆಳೆಯಲು ನೋಡುತ್ತದೆ. ಕಲಿತವರು ಮಾಡುವುದು ತದ್ವಿರುದ್ಧ: ಸರ್ಜನ್ ಕೊಳವೆಯನ್ನು ಮತ್ತೆ ಇಳಿಸಿ ಆ ಬೀಜವನ್ನು ಬಂದ ಕಡೆಗೇ, ಬಲಗಡೆಯ ಕವಲಿಗೇ ಹಿಂದಕ್ಕೆ ತಳ್ಳಿದರು. ಎಡ ಶ್ವಾಸಕೋಶ ತೆರೆಯಿತು. ನಾನು ಗಾಳಿ ಕೊಟ್ಟೆ. ಸ್ವರ ಏರಿತು. ಹತ್ತು ನಿಮಿಷ ಸುಮ್ಮನೆ ಕಾದೆವು. ಎರಡನೆಯ ಸಲ ಬೀಜ ಹೊರಬಂತು, ಒಂದು ಹೋಳು, ನನ್ನ ಕಿರುಬೆರಳಿನ ಉಗುರಿನಷ್ಟು. ಆಮೇಲೆ ಮತ್ತೊಮ್ಮೆ ಇಳಿಸಿ ಎರಡೂ ಕಡೆ ನೋಡಿದೆವು, ಚೂರು ಉಳಿದರೆ ಕಥೆ ಮತ್ತೆ ಮೊದಲಾಗುತ್ತದೆ.

ಆ ಹುಡುಗ ಉಳಿದದ್ದು ಸರ್ಜನ್ನರ ಕೈಚಳಕದಿಂದ ಮಾತ್ರ ಎಂದರೆ ತಪ್ಪಾಗುತ್ತದೆ. ಬೀಜ ಜಾರಿದರೆ ಏನು ಮಾಡಬೇಕು, ಯಾರು ಏನು ಹಿಡಿಯಬೇಕು ಎಂದು ಶುರುಮಾಡುವ ಮುಂಚೆ ನಾವು ಮಾತಾಡಿಕೊಂಡಿದ್ದೆವು. ಇಕ್ಕಳವನ್ನು ಅದೇ ಜಾತಿಯ ಒಂದು ಕಡಲೆಬೀಜದ ಮೇಲೆ ಹಿಡಿದು ನೋಡಿದ್ದೆವು. ಇದನ್ನು ನಾನು ಕಲಿತದ್ದು ಕಳೆದುಕೊಂಡು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೇರೆ ಊರಿನಲ್ಲಿ, ನಡುರಾತ್ರಿ ಹದಿನಾಲ್ಕು ತಿಂಗಳ ಒಂದು ಹೆಣ್ಣುಮಗು ಬಂತು. ಮಗು ಚೆನ್ನಾಗಿಯೇ ಉಸಿರಾಡುತ್ತಿತ್ತು, ತಾಯಿಯ ಮಡಿಲಲ್ಲಿ ನಿದ್ದೆ ಮಾಡುತ್ತಿತ್ತು. ಬೆಳಗಿನವರೆಗೆ ಕಾಯಬಹುದಿತ್ತು. ಬಂದಿದೆಯಲ್ಲ, ಮುಗಿಸಿಬಿಡೋಣ ಎಂದರು; ನಾನೂ ಬೇಡ ಎನ್ನಲಿಲ್ಲ. ಆ ರಾತ್ರಿ ಮಕ್ಕಳ ಅಳತೆಯ ಇಕ್ಕಳ ಬೀರುವಿನಲ್ಲಿ ಬೀಗ ಹಾಕಿತ್ತು, ಕೀಲಿ ಇದ್ದವರು ಮನೆಯಲ್ಲಿದ್ದರು. ಇದ್ದುದರಲ್ಲೇ ಶುರುಮಾಡಿದೆವು. ಬೀಜ ಒಡೆಯಿತು, ಚೂರು ಒಳ್ಳೆಯ ಶ್ವಾಸಕೋಶಕ್ಕೆ ಹೋಯಿತು. ಮಗು ಉಳಿಯಲಿಲ್ಲ. ಆ ತಾಯಿಗೆ ನಾವು ಹೇಳಿದ್ದು 'ಬೀಜ ತುಂಬಾ ಆಳದಲ್ಲಿತ್ತಮ್ಮ' ಎಂದು. ಬೀಗದ ವಿಷಯ ಹೇಳಲಿಲ್ಲ. ಆ ತಾಯಿ ಈ ಸಭೆಯಲ್ಲಿಲ್ಲ, ಈ ಪುಸ್ತಿಕೆ ಅವರ ಕೈಗೆ ಸಿಗುವುದೂ ಇಲ್ಲ. ಆದರೂ ಇದು ಮುದ್ರಣದಲ್ಲಿ ಇರಲಿ ಎಂದು ಹೇಳುತ್ತಿದ್ದೇನೆ.

ಅಪಾಯ ಎಲ್ಲಿದೆ ಎಂದು ಕೇಳಿದರೆ ನನ್ನ ಉತ್ತರ ಆ ಬೀಗದ ಕಡೆಗೆ ಕೈ ತೋರಿಸುತ್ತದೆ. ಕೊಳವೆಯಿಂದ ಅಪಾಯ ಇದ್ದೇ ಇದೆ, ಅದನ್ನು ಪೂರ್ತಿ ಇಲ್ಲವಾಗಿಸಲು ಆಗುವುದಿಲ್ಲ. ಆದರೆ ನಾನು ಕಂಡ ಕೆಟ್ಟ ದಿನಗಳು ಹೆಚ್ಚಾಗಿ ಕೊಳವೆ ಇಳಿಯುವ ಮೊದಲೇ ಕೆಟ್ಟಿದ್ದವು: ಮೂರು ವಾರದ ತಡ, ಅಳತೆ ತಪ್ಪಿದ ಸಾಮಾನು, ಮಕ್ಕಳ ಕೆಲಸ ಗೊತ್ತಿಲ್ಲದ ಕೈ, ಅನಗತ್ಯ ಅವಸರ. ಮಗು ಉಸಿರಿಗೆ ಒದ್ದಾಡುತ್ತಿದ್ದರೆ, ಬಣ್ಣ ಕೆಡುತ್ತಿದ್ದರೆ, ಅರ್ಧರಾತ್ರಿಯಾದರೂ ತಡಮಾಡುವ ಹಾಗಿಲ್ಲ. ನೆಮ್ಮದಿಯಾಗಿ ಉಸಿರಾಡುತ್ತಿರುವ ಮಗುವನ್ನು ನಿಗಾದಲ್ಲಿಟ್ಟು, ಬೆಳಗ್ಗೆ ಪೂರ್ತಿ ತಂಡ ಸೇರಿದ ಮೇಲೆ ಕೈ ಹಾಕುವುದೇ ಲೇಸು. ಕೆಲವು ಕಡೆ ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ ನೋಡುತ್ತಾರೆ. ಅನುಮಾನ ಅರೆಬರೆ ಇರುವಾಗ ಅದರಿಂದ ಬೇಡದ ಬ್ರಾಂಕೋಸ್ಕೋಪಿ ತಪ್ಪಬಹುದು. ತಾಯಿ ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದರೆ ನನಗೆ ಸ್ಕ್ಯಾನಿಗಿಂತ ಆ ಮಾತು ಮುಖ್ಯ.

ತಂದೆತಾಯಿಯರೇ, ನಿಮ್ಮ ಮುಂದೆ ಒಪ್ಪಿಗೆ ಪತ್ರ ಇಟ್ಟಾಗ ಅದರಲ್ಲಿ 'ಏನಾದರೂ ಆದರೆ ಆಸ್ಪತ್ರೆ ಹೊಣೆಯಲ್ಲ' ಎಂಬ ಸಾಲಿಗೆ ಹೆದರಿ ಸಹಿ ಹಾಕಬೇಡಿ, ಹೆದರಿ ಎದ್ದೂ ಹೋಗಬೇಡಿ. ಕೇಳಿ. ಇಷ್ಟು ಚಿಕ್ಕ ಮಕ್ಕಳಿಗೆ ಇಲ್ಲಿ ಇದನ್ನು ಆಗಾಗ ಮಾಡುತ್ತೀರಾ? ಮಕ್ಕಳ ಅಳತೆಯ ಕೊಳವೆ, ಇಕ್ಕಳ ಇದೆಯಾ? ಆಮೇಲೆ ಗಂಟಲು ಊದಿಕೊಂಡರೆ ಮಕ್ಕಳ ಐ.ಸಿ.ಯು. ಇದೆಯಾ? ಹೀಗೆ ಕೇಳಿದ್ದಕ್ಕೆ ಮುನಿಸಿಕೊಳ್ಳುವ ವೈದ್ಯರು ಸಿಕ್ಕರೆ ನನ್ನ ಹೆಸರು ಹೇಳಿ. ಹೊಟ್ಟೆ ಖಾಲಿ ಇಡಿ ಎಂದಾಗ ಕನಿಕರ ತೋರಬೇಡಿ. ಎದೆಹಾಲಿಗೆ 4 ಗಂಟೆ, ಆಕಳ ಹಾಲಿಗೂ ತಿಂಡಿಗೂ 6 ಗಂಟೆ ಅಂತರ ಬೇಕು. ಬರಿ ನೀರಿಗೆ 2 ಗಂಟೆ ಸಾಕು. ಅಳುತ್ತಿದೆಯಲ್ಲ ಎಂದು ಕೊಟ್ಟ ಅರ್ಧ ಬಿಸ್ಕತ್ತು ಮತ್ತಿನಲ್ಲಿ ಬಾಯಿಗೆ ಬಂದು ಶ್ವಾಸಕೋಶಕ್ಕೆ ಇಳಿಯಬಲ್ಲದು. ಕೊಟ್ಟಿದ್ದರೆ ಮುಚ್ಚಿಡದೆ ಹೇಳಿ, ನಾವು ಬೈಯುವುದಿಲ್ಲ, ಸಮಯ ಹೊಂದಿಸಿಕೊಳ್ಳುತ್ತೇವೆ. ದೊಡ್ಡ ಆಸ್ಪತ್ರೆಗೆ 108ರಲ್ಲಿ ಸಾಗಿಸುವಾಗ ಮಗುವನ್ನು ಬಲವಂತವಾಗಿ ಮಲಗಿಸಬೇಡಿ. ತಾಯಿಯ ತೊಡೆಯ ಮೇಲೆ ಕೂತೇ ಬರಲಿ, ಅತ್ತಷ್ಟೂ ಉಸಿರು ಕಷ್ಟವಾಗುತ್ತದೆ.

ಆರೋಗ್ಯ ಇಲಾಖೆಯ ಅಧಿಕಾರಿಗಳು ಮುಂದಿನ ಸಾಲಿನಲ್ಲಿದ್ದಾರೆ. ಅವರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಪ್ರತಿ ಜಿಲ್ಲಾ ಆಸ್ಪತ್ರೆಗೂ ಯಂತ್ರ ಕೊಡಿ ಎಂದು ನಾನು ಕೇಳುವುದಿಲ್ಲ. ವರ್ಷಕ್ಕೆ ಎರಡು ಸಲ ಮಾಡುವ ಕೈಗೆ ಯಂತ್ರ ಕೊಟ್ಟರೆ ಅಪಾಯ ಹೆಚ್ಚುತ್ತದೆ. ಯಾವ ಜಿಲ್ಲೆಯ ಮಗು ಯಾವ ಆಸ್ಪತ್ರೆಗೆ ಹೋಗಬೇಕು, ರಾತ್ರಿ ಯಾರಿಗೆ ಫೋನು ಮಾಡಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಪ್ರತಿ ತಾಲ್ಲೂಕು ಆಸ್ಪತ್ರೆಯ ಗೋಡೆಗೆ ಅಂಟಿಸಿ. ಇಕ್ಕಳದ ಬೀರುವಿಗೆ ಬೀಗ ಹಾಕಬೇಡಿ.

ನಾಲ್ಕು ವರ್ಷ ತುಂಬುವವರೆಗೆ ಮಗುವಿಗೆ ಇಡೀ ಕಡಲೆಬೀಜ, ಹುರಿಗಡಲೆ, ಅಡಿಕೆ ಚೂರು, ಸೀತಾಫಲದ ಬೀಜ, ಹುಣಸೆಬೀಜ ಕೈಗೆ ಸಿಗದಿರಲಿ. ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಪುಟ್ಟವರಿಗೆಂದು ಬೇರೆ ತೆಗೆದು ಕುಟ್ಟಿ ಪುಡಿ ಮಾಡಿ ಕೊಡಿ, ರುಚಿ ಅದೇ. ಕೆಮ್ಮುತ್ತ ಸದ್ದು ಮಾಡುತ್ತಿರುವ ಮಗುವನ್ನು ಕೆಮ್ಮಲು ಬಿಡಿ, ಬಾಯಿಗೆ ಕಾಣದೆ ಬೆರಳು ಹಾಕಬೇಡಿ. ಸದ್ದು ನಿಂತು, ತುಟಿ ನೀಲಿಯಾದರೆ ಮಾಡಬೇಕಾದ್ದು ಬೇರೆ. ಒಂದು ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ಬೋರಲು ಹಾಕಿ, ತಲೆ ಕೆಳಗಿರುವಂತೆ ಹಿಡಿದು, ಬೆನ್ನಿನ ರೆಕ್ಕೆಮೂಳೆಗಳ ನಡುವೆ 5 ಏಟು, ಆಮೇಲೆ ತಿರುಗಿಸಿ ಎದೆಮೂಳೆಯ ಮೇಲೆ 5 ಒತ್ತು. ದೊಡ್ಡ ಮಗುವಿಗೆ ಬೆನ್ನಿನ ಏಟಿನ ಜೊತೆ ಹೊಕ್ಕುಳಿನ ಮೇಲ್ಭಾಗದಲ್ಲಿ ಹಿಂದಿನಿಂದ ತಬ್ಬಿ ಒಳಕ್ಕೂ ಮೇಲಕ್ಕೂ 5 ಒತ್ತು. ವಸ್ತು ಹೊರಬರುವವರೆಗೆ ಹೀಗೇ ಬದಲಾಯಿಸುತ್ತಿರಬೇಕು. ಜ್ಞಾನ ತಪ್ಪಿದರೆ ನೆಲದ ಮೇಲೆ ಮಲಗಿಸಿ ಎದೆ ಒತ್ತಲು ಶುರುಮಾಡಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.

ಕೇಳಿದರೆ ಇದು ಕೈಗೆ ಬರುವುದಿಲ್ಲ. ವೇದಿಕೆಯ ಎಡಗಡೆ ಮೇಜಿನ ಮೇಲೆ ಎರಡು ಗೊಂಬೆಗಳಿವೆ, ಒಂದು ಕೂಸಿನ ಅಳತೆಯದು, ಒಂದು ಮೂರು ವರ್ಷದ ಮಗುವಿನದು. ನಮ್ಮ ಇಬ್ಬರು ಸಿಸ್ಟರುಗಳು ಅಲ್ಲಿ ನಿಂತಿದ್ದಾರೆ. ವಂದನಾರ್ಪಣೆಯನ್ನು ಸ್ವಲ್ಪ ತಡಮಾಡಲು ಅಧ್ಯಕ್ಷರು ಒಪ್ಪಿದ್ದಾರೆ. ಹಿಂದಿನ ಸಾಲಿನಿಂದ ಶುರುಮಾಡೋಣ. ಅಜ್ಜಿಯರು ಮೊದಲು ಬನ್ನಿ.